ಬಲೆಗೆ ಹಾಕುವ ಕಷಾಯ

ಬಲೆಗೆ ಹಾಕುವ ಕಷಾಯವನ್ನು ಒಡಹುಟ್ಟಿದ ಅಕ್ಕನಿಗೆ ಕುಡಿಸಿದ ಜಾಣ ನಾನೇ. ಮೊದಲೇ ಹೇಳಿಬಿಡುತ್ತೇನೆ, ಬೈಯಬೇಕೆಂದರೆ ಬೈಯಿರಿ, ಆ ಹಕ್ಕಿದ್ದವರೆಲ್ಲ ತೀರಿಹೋಗಿದ್ದಾರೆ. ಈಗ ನೈಲಾನ್ ಬಲೆಯ ಕಾಲ, ಅದಕ್ಕೆ ಕಷಾಯ ಬೇಕಿಲ್ಲ. ಮತ್ತಿ ಮರದ ತೊಗಟೆ ಬೇಯುವ ವಾಸನೆ ಅಘನಾಶಿನಿಯ ದಂಡೆಯಲ್ಲಿ ಎಲ್ಲೂ ಇಲ್ಲ. ಆದರೂ ಒದ್ದೆ ಸೌದೆಯ ಹೊಗೆಯಲ್ಲಿ ಒಂದಿಷ್ಟು ಒಗರು ಬೆರೆತು ಬಂದರೆ ಸಾಕು, ನಾಲಿಗೆ ತಾನಾಗಿ ಅಂಗುಳಿಗೆ ಅಂಟುತ್ತದೆ, ನಮ್ಮ ಜಗಲಿ ಕಣ್ಣೆದುರು ಬಂದು ನಿಲ್ಲುತ್ತದೆ. ನಡುವೆ ಗುಡ್ಡೆಯಾಗಿ ಬಿದ್ದ ನೂಲಿನ ಬಲೆ, ಸುತ್ತ ನಾವು: ಅಪ್ಪ, ಅವ್ವಿ, ಮಾದೇವಿ ಅಕ್ಕ, ನಾನು.

ಹರಿದ ಬಲೆ ಹೆಣೆಯುವಾಗ ಅಪ್ಪ ಒಂದು ಪದ್ಧತಿ ಇಟ್ಟಿದ್ದ. ಒಬ್ಬರು ಪ್ರಶ್ನೆ ಕೇಳಿ ಬಲೆಸೂಜಿಯನ್ನು ಮತ್ತೊಬ್ಬರ ಕೈಗೆ ಕೊಡಬೇಕು. ಅವರು ಉತ್ತರ ಹೇಳಿ, ಆ ಉತ್ತರದ ಹೊಟ್ಟೆಯೊಳಗಿಂದಲೇ ಇನ್ನೊಂದು ಪ್ರಶ್ನೆ ತೆಗೆದು ಸೂಜಿ ದಾಟಿಸಬೇಕು. ಗೊತ್ತಿಲ್ಲದವರು ಮರುದಿನ ಯಾರನ್ನಾದರೂ ಕೇಳಿ ತಿಳಿದು ಬರಬೇಕು. ಅಲ್ಲಿಯವರೆಗೆ ಹೆಣಿಗೆಯೆಲ್ಲ ಅವರ ಪಾಲು. ಮಳೆಗಾಲ ಮುಗಿದದ್ದು ಬಂಗಡೆಗೆ ಹೇಗೆ ತಿಳಿಯುತ್ತದೆ ಎಂದು ಶುರುವಾದದ್ದು ಹೊಳೆಯ ಸಿಹಿನೀರಿಗೆ, ಅಲ್ಲಿಂದ ಸಮುದ್ರದ ಉಪ್ಪಿಗೆ, ಉಪ್ಪಿನಿಂದ ಉಪ್ಪು ತೆಗೆಯುವ ಆಗರದ ಸಾಹೇಬರ ಮರಾಠಿಗೆ ಹೋಗಿ ಮುಟ್ಟುತ್ತಿತ್ತು. ಮರಾಠಿ ಬಂತೆಂದರೆ ನಾನು ಹೊಟ್ಟೆ ಮುಂದೆ ಮಾಡಿ, ಇಲ್ಲದ ಮೀಸೆ ತಿರುವುತ್ತ ಸಾಹೇಬನಾಗಿಬಿಡುತ್ತಿದ್ದೆ. ಅವ್ವಿ ನಕ್ಕೂ ನಕ್ಕೂ ಗಂಟು ತಪ್ಪುತ್ತಿದ್ದಳು.

"ಉತ್ತರ ಬರದಿದ್ರೆ ಮಂಗನಾಟ ಸುರು ಇವಂದು," ಎಂದು ಅಕ್ಕ ನನ್ನ ಗುಟ್ಟು ಒಡೆಯುತ್ತಿದ್ದಳು. ಸುಳ್ಳಲ್ಲ. ಶಾಲೆಗೆ ಹೋದವ ನಾನು, ಕಲಿತವಳು ಅವಳು.

ಎರಡನೇ ಮಹಾಯುದ್ಧದ ವರ್ಷಗಳಲ್ಲೊಮ್ಮೆ ಅವಳಿಗೆ ನಡುಕದ ಜ್ವರ ಹಿಡಿಯಿತು. ಒಂದು ದಿನ ಬಿಡುವುದು, ಮರುದಿನ ಕಂಬಳಿ ಸಮೇತ ಅವಳನ್ನು ಕುಲುಕುವುದು. ನಾನು ಅದನ್ನೂ ಅಣಕಿಸಿ ತೋರಿಸಿದೆ. "ಹಲ್ಲು ಇನ್ನೂ ಜೋರು ಕಡೀಬೇಕು ಮಾರಾಯ," ಎಂದು ಕಂಬಳಿಯೊಳಗಿಂದಲೇ ತಿದ್ದಿದಳು. ಅಪ್ಪ ಹೊಳೆ ದಾಟಿ ಕುಮಟೆಯ ದವಾಖಾನೆಗೆ ಹೋಗಿಬಂದ. ಈ ಜ್ವರಕ್ಕೆ ಕ್ವಿನೈನ್ ಒಂದೇ ಔಷಧ, ಅದು ಬಾರದೆ ತಿಂಗಳುಗಳಾದವು ಎಂದು ಕಂಪೌಂಡರು ಹೇಳಿದ್ದರು. ಬೇರೆ ಮನೆಯವರಾದರೆ ತಲೆ ಮೇಲೆ ಕೈಹೊತ್ತು ಕೂರುತ್ತಿದ್ದರೇನೋ. ಅಪ್ಪ ಬಲೆಸೂಜಿ ತೆಗೆದ.

"ಕ್ವಿನೈನ್ ಯಾಕೆ ಬತ್ತಿಲ್ಲ?" ಎಂದು ಕೇಳಿ ಸೂಜಿಯನ್ನು ನನ್ನ ಕೈಗಿಟ್ಟ.

ಮರುದಿನ ಮಾಸ್ತರರನ್ನು ಕೇಳಿದೆ. ಅವರು ನಕಾಶೆಯ ನೀಲಿಯಲ್ಲಿ ಬೆರಳಿಟ್ಟು, ಅದು ಜಾವಾ ಎಂಬ ದ್ವೀಪದಿಂದ ಬರುವುದು, ಈಗ ಆ ದ್ವೀಪ ಜಪಾನಿನವರ ಕೈಯಲ್ಲಿದೆ ಎಂದರು. ಮನೆಗೆ ಬಂದು ಅವರದೇ ಗಂಟಲಿನಲ್ಲಿ ಪಾಠ ಒಪ್ಪಿಸಿದೆ. ಅಕ್ಕ ಮಲಗಿದಲ್ಲಿಂದ ಕೈಚಾಚಿ ಸೂಜಿ ಇಸಕೊಂಡಳು. "ಎಂತದ್ರಿಂದ ಮಾಡೂದು ಅದ್ನ?" ಅಪ್ಪ ಮತ್ತೆ ಹೊಳೆ ದಾಟಿ ಕೇಳಿಕೊಂಡು ಬಂದ: ಒಂದು ಮರದ ತೊಗಟೆಯಿಂದ. "ಹಂಗಾರೆ ಜಪಾನಿನವ್ರಿಗೂ ಜ್ವರ ಬತ್ತದ್ಯಾ?" ಎಂದು ಸೂಜಿ ದಾಟಿಸಿದ. ಪ್ರತಿ ಉತ್ತರಕ್ಕೂ ಅಪ್ಪನ ಮುಖ ಅರಳುತ್ತಿತ್ತು, ಜ್ವರವೇ ಒಂದು ಮೆಟ್ಟಿಲು ಇಳಿಯಿತೋ ಎಂಬಂತೆ. ನನಗೂ ಹಾಗೇ ಅನಿಸುತ್ತಿತ್ತು. ಅವ್ವಿಯೊಬ್ಬಳು ಆ ದಿನಗಳಲ್ಲಿ ಸೂಜಿ ಮುಟ್ಟಲಿಲ್ಲ. ಹಣೆಯ ಮೇಲಿನ ಬಟ್ಟೆ ಹಿಂಡಿ ಹಿಂಡಿ ಹಾಕುತ್ತಿದ್ದಳು.

ತೊಗಟೆ ಎಂದದ್ದೇ ನನ್ನ ತಲೆಯಲ್ಲಿ ದೀಪ ಹತ್ತಿತ್ತು. ನೂಲು ಕೊಳೆಯದಿರಲೆಂದು ಬಲೆ ಅದ್ದುವ ತೊಗಟೆಯ ಕಷಾಯ ಅಂಗಳದ ಹಂಡೆಯಲ್ಲಿ ಕುದಿಯುತ್ತಿತ್ತು. ಜಾವಾದ ಮರವೂ ಮರ, ನಮ್ಮ ಮತ್ತಿಯೂ ಮರ. ಕರಟದಲ್ಲಿ ಒಂದಿಷ್ಟು ಎತ್ತಿ, ಆರಿಸಿ, ಕಂಪೌಂಡರರ ಮೂಗುದನಿ ಮಾಡಿಕೊಂಡು ಅಕ್ಕನ ಬಳಿ ಹೋದೆ. "ಬಾಯಿ ತೆಗೀರಿ. ನಾಲಿಗೆ ತೋರ್ಸಿ." ಅದೇನೆಂದು ಅವಳಿಗೆ ವಾಸನೆಯೇ ಹೇಳಿರಬೇಕು. ಆದರೂ ನನ್ನ ಮುಖ ನೋಡಿ, ಪೂರ್ತಿ ಕುಡಿದಳು. ಆಮೇಲೆ ಮುಖ ಹಿಂಡಿಕೊಂಡು, "ಆತು ಬಿಡು. ಇನ್ನೆರಡು ಮಳೆಗಾಲ ನಾ ಹರಿಯೂದಿಲ್ಲ," ಅಂದಳು. ಇಬ್ಬರೂ ಎಷ್ಟು ನಕ್ಕೆವೆಂದರೆ ಅವಳಿಗೆ ಕೆಮ್ಮು ಬಂತು.

ಕಷಾಯದಿಂದ ಕೆಡುಕೂ ಆಗಲಿಲ್ಲ, ಗುಣವೂ ಆಗಲಿಲ್ಲ. ಮೊದಲ ಮಳೆ ಬೀಳುವ ಮುಂಚೆಯೇ ಅವಳು ಹೋದಳು. ಬಲೆ ಇತ್ತು. ಅವಳು ಹಾಕಿದ ಗಂಟುಗಳಿದ್ದ ಭಾಗ ಗಟ್ಟಿಯಾಗಿಯೇ ಇತ್ತು, ಮುಂದೆಯೂ ಬಹಳ ಕಾಲ ಇತ್ತು.

ಮಳೆ ಹಿಡಿದು ದೋಣಿಗಳನ್ನು ಮೇಲೆ ಎಳೆದ ಮೇಲೆ ಒಂದು ಸಂಜೆ ಮತ್ತೆ ಜಗಲಿಯಲ್ಲಿ ಕೂತೆವು. ಅಪ್ಪ ಒಂದು ಹರಕು ಹೆಣೆದು ಮುಗಿಸಿದ. ಸುಮ್ಮನಿರಲು ಅವನಿಗೆ ಬರುತ್ತಿರಲಿಲ್ಲ, ಪಾಪ. ಕೊನೆಗೆ ಮೆಲ್ಲಗೆ, "ಆ ಜಾವಾದ ಮರ ನಮ್ಮ ಘಟ್ಟದ ಮೇಲೂ ಬೆಳೀತದ್ಯಾ ಎಂತದೋ?" ಎಂದು ಸೂಜಿಯನ್ನು ಅವ್ವಿಯ ಕಡೆ ಚಾಚಿದ. ಅವಳು ಕೈ ನೀಡಲಿಲ್ಲ. ಸೂಜಿ ಅಪ್ಪನ ಕೈಯಲ್ಲೇ ಉಳಿಯಿತು, ಆಮೇಲೆ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಪ್ರಶ್ನೆ ಕೇಳಲಿಲ್ಲ. ಊರಿನ ಎಲ್ಲರ ದನಿ ತೆಗೆಯಬಲ್ಲವ ನಾನು. ಆ ಸಂಜೆ ಅವ್ವಿ ಆಡಿದ ಮಾತನ್ನು ಅವಳಂತೆ ಆಡಲು ಇವತ್ತಿಗೂ ಆಗಿಲ್ಲ. ದನಿ ಏರಿಸಿರಲಿಲ್ಲ ಅವಳು, ಅತ್ತಿರಲೂ ಇಲ್ಲ.

"ಔಷಧ ಎಲ್ಲಿಂದ ಬತ್ತದೆ ಅಂತ ಎಲ್ಲಾ ತಿಳ್ಕಂಡ್ರಿ. ಬಂತಾ?"