ನೀರನ್ನು ಬಗ್ಗಿಸಲು ಒಂದು ಜಟೆ

ಆ ಬೆಳಗ್ಗೆ ನೀರಿನ ಲಾರಿ ಬಂದು ಹೋಗಿತ್ತು. ಮದ್ರಾಸಿನ ನಲ್ಲಿಗಳು ಬರೀ ಗಾಳಿ ಊದುತ್ತಿದ್ದ ವರ್ಷ ಅದು. ವಡಪಳನಿಯ ನಮ್ಮ ಫ್ಲ್ಯಾಟಿನಲ್ಲಿ ತುಂಬಿದ ಕೊಡಗಳು ಅಡುಗೆಮನೆಯಿಂದ ದೇವರ ಗೂಡಿನವರೆಗೂ ಸಾಲಾಗಿ ನಿಂತಿದ್ದವು. ಎಂದಿನಂತೆ ಡಿಕಾಕ್ಷನ್ ಇಳಿಸಿ, ಇಡ್ಲಿ ಒಲೆಗಿಟ್ಟು, ಮಗಳ ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆಯಲು ಕೂತೆ. ಅವಳು ಅಳುತ್ತಿದ್ದಳು.

ಪ್ಲಸ್ ಒನ್, ಅಂದರೆ ಹನ್ನೊಂದನೇ ತರಗತಿ, ಸೇರಿ ಕೆಲವೇ ತಿಂಗಳಾಗಿತ್ತು. ನೀರಿನ ಅಣುವಿಗೆ ಬ್ಯಾಟರಿಯ ಹಾಗೆ ಒಂದು ಕಡೆ ಪ್ಲಸ್, ಒಂದು ಕಡೆ ಮೈನಸ್ ಯಾಕೆ ಎಂದು ಅವತ್ತು ತರಗತಿಯಲ್ಲಿ ವಿವರಿಸಿ, ಮಾಡಿಯೂ ತೋರಿಸಬೇಕಿತ್ತು. ಆಗದಿದ್ದರೆ ಕಾಮರ್ಸ್ ಗ್ರೂಪಿಗೆ ಕಳಿಸುತ್ತೇನೆಂದು ಮಿಸ್ ಹೇಳಿದ್ದರು. ಇವಳಿಗೆ ಬೇಕಿದ್ದುದು ಸೈನ್ಸು ಮಾತ್ರ.

"ಎನಕ್ಕು ಪುರಿಯಲೆಮ್ಮಾ," ಎಂದಳು. ನಮ್ಮ ಮನೆಯಲ್ಲಿ ಅರ್ಥವಾಗದ್ದೆಲ್ಲ ತಮಿಳಿನಲ್ಲೇ ಅರ್ಥವಾಗುತ್ತಿರಲಿಲ್ಲ.

ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಸೂತಿಯನ್ನೂ ಬಾಯಿ ಮುಚ್ಚಿ ಆಕಳಿಸುವುದನ್ನೂ ಚೆನ್ನಾಗಿ ಕಲಿಸಿದ್ದರು; ರಸಾಯನಶಾಸ್ತ್ರ ಅಷ್ಟಕ್ಕಷ್ಟೆ. ಆದರೂ ಅವಳ ಪುಸ್ತಕ ಓದಿ ನೋಡಿದೆ. ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುತ್ತವೆ, ಆದರೆ ಆಕ್ಸಿಜನ್ ತನ್ನ ಕಡೆಗೆ ಜಾಸ್ತಿ ಎಳೆದುಕೊಳ್ಳುತ್ತದೆ. ಹಾಗೆಂದರೇನು ಎಂದು ತಲೆಯೆತ್ತಿದರೆ ಎದುರಿಗೆ ಯಜಮಾನರು ಕಂಡರು. ಪೇಪರನ್ನು ನಾವು ಹಂಚಿಕೊಂಡೇ ಓದುವುದು. ತುದಿ ನಮ್ಮ ಕೈಯಲ್ಲಿ, ಹಾಳೆಯೆಲ್ಲ ಅವರ ಮಡಿಲಲ್ಲಿ.

"ನೋಡು, ಅಪ್ಪ ಆಕ್ಸಿಜನ್. ನಾನೊಂದು ಹೈಡ್ರೋಜನ್, ನೀನೊಂದು. ನಾವಿಬ್ರೂ ಒಂದೇ ಪಕ್ಕ ಕೂತಿದೀವಿ. ಅದಕ್ಕೇ ಎಲ್ಲಾ ಅವರ ಕಡೆ ವಾಲತ್ತೆ."

"ಅಪ್ಪಾ ಮೈನಸ್ಸಾ?"

"ಸ್ವಲ್ಪ ಮೈನಸ್."

"ಇನ್ನೊಂದು ಲೋಟ ಕಾಫಿ ಕೊಡೆ," ಎಂದಿತು ಆಕ್ಸಿಜನ್.

"ಕಾರ್ಬನ್ ಡೈಆಕ್ಸೈಡ್ ಯಾಕೆ ಹಾಗಿಲ್ಲ?"

"ಅಲ್ಲಿ ಆಚೆಗೊಬ್ಬ ಅಪ್ಪ, ಈಚೆಗೊಬ್ಬ ಅಪ್ಪ, ನೆಟ್ಟಗೆ ನಡುವೆ ನಾನು. ಇಬ್ರೂ ಒಂದೇ ಸಮ ಎಳೆದ್ರೆ ಯಾವ ಕಡೆಗೂ ವಾಲಲ್ಲ."

"ಅಯ್ಯೋ, ಒಬ್ಬರೇ ಸಾಕು," ಎಂದು ಮಗಳು ಕಣ್ಣೊರೆಸಿಕೊಂಡಳು.

ವಿವರಣೆ ಆಯಿತು, ಮಾಡಿ ತೋರಿಸುವುದು ಉಳಿಯಿತು. ಕೂದಲಿಗೆ ಉಜ್ಜಿದ ಬಾಚಣಿಗೆಯನ್ನು ಸಣ್ಣ ಧಾರೆಯ ಹತ್ತಿರ ಹಿಡಿದರೆ ನೀರು ಅದರತ್ತ ಬಾಗಬೇಕಂತೆ. ಚೊಂಬಿನಿಂದ ಬೋಗುಣಿಗೆ ಸುರಿದು ನೋಡಿದೆವು. ನೀರು ಬಾಚಣಿಗೆಯತ್ತ ತಿರುಗಿಯೂ ನೋಡಲಿಲ್ಲ. ಎಣ್ಣೆ ತಲೆ, ಮೇಲೆ ಮದ್ರಾಸಿನ ಬೆವರು. ತೊಳೆಯೋಣವೆಂದರೆ ಒಂದಿಡೀ ಕೊಡ ನೀರು ಬೇಕು. ಯಜಮಾನರ ತಲೆಯಲ್ಲಿ ಉಜ್ಜುವಷ್ಟು ಕೂದಲಿರಲಿಲ್ಲ.

ಎದುರುಮನೆಯಾಕೆಯ ಬಾಗಿಲು ತಟ್ಟಿದೆ. ಕುಂದಾಪುರದ ಕಡೆಯವರು, ಗಂಡ ಸಿನಿಮಾ ಸ್ಟುಡಿಯೊಗಳಿಗೆ ವಿಗ್ ಕಟ್ಟಿಕೊಡುತ್ತಿದ್ದರು.

"ಎಣ್ಣೆ ಹಚ್ಚದ ತಲೆ ಏನಾದ್ರೂ ಇದ್ಯಾ ನಿಮ್ಮನೇಲಿ?"

"ತಲೆ ಇಲ್ಲ ಮಾರಾಯ್ರೆ, ಕೂದ್ಲು ಉಂಟು," ಎಂದು ನೈಲಾನಿನ ಜಟೆಯೊಂದನ್ನು ತಂದರು. ಯಾವುದೋ ಪುರಾಣದ ಸೀರಿಯಲ್ಲಿನ ಋಷಿಯದು. "ರಾತ್ರಿಗೆ ಶೂಟಿಂಗ್. ಅಷ್ಟ್ರೊಳಗೆ ಕೊಡಿ."

ಜಟೆಗೂ ಗಾಳಿಯ ತೇವ ಹಿಡಿದಿತ್ತು. ದೋಸೆಹೆಂಚನ್ನು ಬೆಚ್ಚಗೆ ಮಾಡಿ, ಒಲೆ ಆರಿಸಿ, ಬಟ್ಟೆ ಹಾಸಿ, ಋಷಿಯನ್ನು ಮಗುಚಿ ಮಗುಚಿ ಕಾಯಿಸಿದೆ. ಆಮೇಲೆ ಅದನ್ನು ಬಾಚಿ ಬಾಚಣಿಗೆಯನ್ನು ಧಾರೆಯ ಹತ್ತಿರ ಹಿಡಿದರೆ, ನೀರಿನ ಎಳೆ ಯಾರೋ ಕರೆದ ಹಾಗೆ ಮೆಲ್ಲಗೆ ಪಕ್ಕಕ್ಕೆ ಬಾಗಿತು. ಯಜಮಾನರು ಪೇಪರ್ ಬಿಟ್ಟು ಎದ್ದು ಬಂದರು.

ಶಾಲೆ ತಲುಪುವವರೆಗೆ ಜಟೆ ಬೆಚ್ಚಗಿರಬೇಕಲ್ಲ. ಅದು ಹಾಟ್‌ಪ್ಯಾಕಿಗೆ ಹೋಯಿತು. ಇಡ್ಲಿಗಳು ಪ್ಲಾಸ್ಟಿಕ್ ಕವರಿಗೆ. ಮಧ್ಯಾಹ್ನ ಹೂ ಕಟ್ಟುತ್ತ ಕೂತರೂ ನನ್ನ ಮನಸ್ಸೆಲ್ಲ ಮುಚ್ಚಳ ಬಿಗಿಯಾಗಿತ್ತೋ ಇಲ್ಲವೋ ಎಂಬುದರಲ್ಲೇ.

ಸಂಜೆ ಮೆಟ್ಟಿಲಿನಿಂದಲೇ ಕೂಗಿದಳು: "ಅಮ್ಮಾ, ಬಗ್ಗಿತು! ಸೈನ್ಸಲ್ಲೇ ಇರು ಅಂದ್ರು ಮಿಸ್!" ಹಾಟ್‌ಪ್ಯಾಕ್ ತೆರೆದಾಗ ತರಗತಿಯೆಲ್ಲ ಕಿರುಚಿತಂತೆ. ಇಬ್ಬರು ಅಪ್ಪಂದಿರ ವಿಷಯ ಬಂದಾಗ ಮಿಸ್ ಡಸ್ಟರನ್ನು ಬಾಯಿಗೆ ಅಡ್ಡ ಹಿಡಿದುಕೊಂಡರಂತೆ.

ಜಟೆ ಹಿಂದಿರುಗಿಸಲು ಹೋಗಿ ಸಂಗತಿ ಹೇಳಿದೆ.

"ಹಾಗಾದ್ರೆ ಸೈನ್ಸೇ ಓದ್ತಾಳಾ? ಒಳ್ಳೇದಾಯ್ತು," ಎಂದು ಎದುರುಮನೆಯಾಕೆ ಜಟೆಯನ್ನು ಒಮ್ಮೆ ಕೊಡವಿದರು. "ಬರೋ ವಾರ ಇವ್ರು ಗಡ್ಡ ಕಟ್ತಾರೆ. ಪಾಠಕ್ಕೆ ಬೇಕಾದ್ರೆ ಮೊದ್ಲೇ ಹೇಳಿ."