ಎಡಗೈಯ ಎಣಿಕೆ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಎಣಿಕೆಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಅಂಗೈಯೊಳಗಿನ ಪುಟ್ಟ ಯಂತ್ರವನ್ನು ಟಿಕ್ ಟಿಕ್ ಒತ್ತುತ್ತ ಜೀವಕಣಗಳನ್ನು ಎಣಿಸಿದವಳು. ಹೊಸ ಡಾಕ್ಟರು ಬಂದು ಆರು ತಿಂಗಳೂ ಆಗಿರಲಿಲ್ಲ, ಅವಳ ಕಣ್ಣಿನ ಮೇಲೇ ಅನುಮಾನಪಟ್ಟರು.

ಫ್ಲೂ ತಗುಲಿಸಿದ ಇಲಿಗಳ ಶ್ವಾಸಕೋಶ ತೊಳೆದ ನೀರು ಅವಳ ಮೇಜಿಗೆ ಬರುತ್ತಿತ್ತು. ಶ್ವಾಸಕೋಶದಲ್ಲೇ ಮನೆಮಾಡಿಕೊಂಡು ಕಾವಲು ಕಾಯುವ ದೊಡ್ಡ ಕಣಗಳು ಅದರಲ್ಲಿ ಎಷ್ಟಿವೆ ಎಂದು ಬರೆಯಬೇಕು. ಆರೋಗ್ಯವಾಗಿರುವ ಇಲಿಯಲ್ಲಿ ನೂರರ ಹತ್ತಿರ ಸಿಗುತ್ತಿದ್ದವು. ಸೋಂಕಿನ ಮೂರನೇ ದಿನಕ್ಕೆ ಅವಳು ಬರೆದದ್ದು ಹನ್ನೊಂದು.

“ಕಾವಲುಗಾರರೆಲ್ಲ ಎಲ್ಲಿ ಹೋದ್ರಮ್ಮ? ನಿಮಗೆ ಕಣ್ಣು ಕಾಣ್ತಿಲ್ಲ. ಸೋಮವಾರದಿಂದ ಉಗ್ರಾಣ ನೋಡ್ಕೊಳ್ಳಿ,” ಎಂದರು ಡಾಕ್ಟರು. ಅದೂ ಎಲ್ಲರೆದುರಿಗೆ, ಪುಣ್ಯಾತ್ಮ!

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಜೀವ ತೇದ ಕೆಲಸ ಬಿಟ್ಟು ಬಾಟಲಿಗೆ ಚೀಟಿ ಅಂಟಿಸುತ್ತ ಕೂರುವುದೇ? ಮನೆಯಲ್ಲಿ ಮಗಳೂ, “ಹೋಗ್ಲಿ ಬಿಡಮ್ಮ, ಆರಾಮಾಗಿರು,” ಎಂದಳು.

“ನೀನೂ ಅವರ ಕಡೇನಾ? ಸುಮ್ನಿರು,” ಎಂದು ಗದರಿದಳು.

ಮರುದಿನ ಸೋಂಕು ತಗುಲಿದ ಇನ್ನೊಂದು ಇಲಿಯ ಮಾದರಿ ಬಂತು. ತಾನು ಎಣಿಸಿ ಮುಗಿಸಿದವಳೇ ಕುರ್ಚಿ ಬಿಟ್ಟೆದ್ದಳು. “ಕೂತ್ಕೊಳ್ಳಿ ಸರ್. ನೀವೇ ಎಣಿಸಿ.”

ಡಾಕ್ಟರಿಗೂ ಒಂಬತ್ತೇ ಸಿಕ್ಕವು. “ಹಾಗಾದ್ರೆ ತೊಳೆಯುವಾಗಲೇ ಏನೋ ಎಡವಟ್ಟಾಗಿದೆ,” ಎಂದರು.

“ಈಗ ನೀಲಿ ಎಣಿಸಿ.”

ಕಣ ಸತ್ತಿದ್ದರೆ ಮಾದರಿಗೆ ಬೆರೆಸಿದ ನೀಲಿ ಬಣ್ಣ ಒಳಗಿಳಿಯುತ್ತದೆ, ಬದುಕಿದ್ದರೆ ಹೊರಗೇ ತಡೆಯುತ್ತದೆ. ಲೆಕ್ಕ ಬರೆಯುವ ಅಚ್ಚಿನ ನಮೂನೆಯಲ್ಲಿ ಬದುಕಿದವಕ್ಕೆ ಮಾತ್ರ ಜಾಗ, ನೀಲಿಯವನ್ನು ಬಿಟ್ಟುಬಿಡುವುದೇ ರೂಢಿ. ಡಾಕ್ಟರು ಗೊಣಗುತ್ತಲೇ ಎಣಿಸಿದರು. ಎಂಬತ್ತಾರು. ನಂಬಿಕೆಯಾಗದೆ ಇನ್ನೊಮ್ಮೆ ಎಣಿಸಿದರು.

ಅವಳು ಕೋಟಿನ ಎಡ ಜೇಬಿನಿಂದ ಇನ್ನೊಂದು ಎಣಿಕೆಯಂತ್ರ ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲೂ ಎಂಬತ್ತಾರು. ಯಾರೂ ಕೇಳದಿದ್ದರೂ ಇಷ್ಟು ವರ್ಷ ಬಲಗೈಯಲ್ಲಿ ಬದುಕಿದವನ್ನು, ಎಡಗೈಯಲ್ಲಿ ಸತ್ತವನ್ನು ಒತ್ತುತ್ತಲೇ ಬಂದಿದ್ದಳು. ಕಣ್ಣಿಗೆ ಬಿದ್ದದ್ದನ್ನು ಇಲ್ಲವೆನ್ನಲು ಅವಳಿಗೆ ಮನಸ್ಸು ಬಂದಿರಲಿಲ್ಲ.

“ಕಾವಲುಗಾರರು ಎಲ್ಲೂ ಓಡಿಹೋಗಿಲ್ಲ ಸರ್. ಮೊದಲು ಎದುರು ನಿಂತೋರೇ ಅವರು. ಅದಕ್ಕೇ ಮೊದಲು ಸತ್ರು. ನನ್ನ ಕಣ್ಣು ಚೆನ್ನಾಗೇ ಇದೆ.”

ಅವಳು ಪೆನ್ನು ತೆಗೆದು, ಅಚ್ಚಾದ ನಮೂನೆಯ ಅಂಚಿನಲ್ಲಿ ಉದ್ದಕ್ಕೆ ಗೆರೆ ಎಳೆದು ‘ಸತ್ತವು’ ಎಂದು ಬರೆದಳು.

“ನಮೂನೆ ಬದಲಾಯಿಸೋಕೆ ಮೇಲಿನವರ ಅನುಮತಿ ಬೇಕಮ್ಮ,” ಎಂದರು ಡಾಕ್ಟರು, ಮೆಲ್ಲಗೆ.

“ಅವೇನು ಅನುಮತಿ ಕೇಳ್ಕೊಂಡು ಸತ್ವಾ?” ಎಂದು ಎಂಬತ್ತಾರು ಬರೆದು, “ಏಳಿ ಸರ್, ಅದು ನನ್ನ ಕುರ್ಚಿ,” ಎಂದಳು.