ಎಡಕ್ಕೆ ಎರಡು, ಬಲಕ್ಕೆ ಒಂದು

ದೆವ್ವ, ಭೂತ, ಮಾಟ ಅಂದರೆ ನಕ್ಕು ಮುಂದೆ ಹೋಗುವ ಜಾತಿ ನನ್ನದು. ಹುಣಸೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ರಜೆ ಬಂದರೆ ಸುತ್ತಲಿನ ಹಳ್ಳಿಗಳಿಗೆ ಹೋಗಿ, ಕೆರೆಯಂಚಿನಲ್ಲಿ ಕಾಣುವ ಕೊಳ್ಳಿದೆವ್ವ ದೆವ್ವವಲ್ಲ, ಕೊಳೆತ ಸೊಪ್ಪುಸದೆಯಿಂದ ಏಳುವ ಅನಿಲ ಎಂದು ಭಾಷಣ ಮಾಡಿ ಬರುತ್ತಿದ್ದೆ. ಯಾರಾದರೂ ಕಣ್ಣಾರೆ ಕಂಡೆ ಎಂದರೆ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರೇ ಹೇಳಿದ್ದಾರಲ್ಲ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ಹೇಳಹೊರಟಿರುವುದನ್ನು ನಾನೂ ಕಣ್ಣಾರೆ ಕಂಡೆ. ಪ್ರಮಾಣಿಸಿಯೂ ನೋಡಿದೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಜೀರ್ ಭಾಯಿಗೆ ಹುಣಸೂರಿನಲ್ಲಿ ಮರದ ಸಾಮಾನಿನ ಅಂಗಡಿ. ಮಂಚ, ಬೀರು, ಬಾಗಿಲು ಮಾಡಿಸಿ ಮಾರುವ ಮನುಷ್ಯನಿಗೆ ಯಾಕೋ ವಿಮಾನದ ಹುಚ್ಚು. ದುಬೈಯಲ್ಲಿದ್ದ ಭಾವಮೈದುನ ಒಂದು ಸಲ ರೇಡಿಯೊ ಕಂಟ್ರೋಲಿನ ಸೆಟ್ಟು ತಂದುಕೊಟ್ಟಿದ್ದೇ ನೆಪವಾಗಿ, ಹಗುರ ಮರದಲ್ಲಿ ಮಾರುದ್ದ ರೆಕ್ಕೆಯ ವಿಮಾನ ಮಾಡಿ ಹಾರಿಸತೊಡಗಿದರು. ನನ್ನನ್ನು ಸೇರಿಸಿಕೊಂಡದ್ದು ವೈರು ಬೆಸೆಯುವ ಕೆಲಸಕ್ಕೆ. ಬೇಸಿಗೆಯಲ್ಲಿ ಗಾವಡಗೆರೆ ಕಡೆಯ ಒಂದು ಕೆರೆ ಒಣಗಿದರೆ ಅದರ ಅಂಗಳವೇ ನಮ್ಮ ವಿಮಾನ ನಿಲ್ದಾಣ. ವಯಸ್ಸಾದ ಮೇಲೆ ಗಾಳಿಪಟ ಬಿಡುವವರು ಎಂದು ಊರಿನವರು ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ಹೊಸ ಶತಮಾನ ಶುರುವಾದ ಮೊದಲ ವರ್ಷಗಳ ಮಾತು. ನಜೀರ್ ಭಾಯಿ ಸಂಜೆಯಾದರೆ ಅಂಗಡಿಯಲ್ಲೇ ಎಡವತೊಡಗಿದರು. ಮೈಸೂರಿನ ಕಣ್ಣಿನ ಡಾಕ್ಟರು ನೋಡಿ, ಇದು ಇರುಳುಗುರುಡು, ವಂಶದಲ್ಲಿ ಬಂದದ್ದು, ಮದ್ದಿಲ್ಲ, ಮುಂದೆ ಹಗಲಿನ ನೋಟವೂ ಹೋಗುತ್ತದೆ ಎಂದರಂತೆ. ಅದನ್ನು ನನಗೆ ಹೇಳಿದ್ದು ಬಹಳ ದಿನ ಬಿಟ್ಟು.

"ಈ ಮುಸ್ಸಂಜೆ ನನ್ ಕೈಯಿಂದ ಒಂದೊಂದೇ ಕಿತ್ಕೊಳ್ತಾ ಐತೆ ಮೇಷ್ಟ್ರೇ. ಮೊದ್ಲು ಸ್ಕೂಟ್ರು ಹೋಯ್ತು. ಈಗ ಮಸೀದಿಗೆ ಹೋಗಕ್ಕೂ ಯಾರಾದ್ರೂ ಕೈ ಹಿಡೀಬೇಕು. ಪೂರ್ತಿ ಹೋಗೋದ್ರೊಳಗೆ ಒಂದ್ಸಲ ಕತ್ಲಲ್ಲಿ ವಿಮಾನ ಹಾರಿಸ್ಬೇಕು. ಹಾರೋದ್ನ ನಾನೇ ನೋಡ್ಬೇಕು ಕಣ್ರೀ" ಎಂದರು.

ಹಾಗಾಗಿ ನಾವು ದೀಪ ಹುಡುಕಿದ್ದು ವಿಮಾನಕ್ಕಲ್ಲ, ಅವರ ಕಣ್ಣಿಗೆ. ಟಾರ್ಚಿನ ಬಲ್ಬು ಹಾಕಿದರೆ ಸೆಲ್ಲಿನ ಭಾರಕ್ಕೆ ವಿಮಾನ ಏಳುತ್ತಿರಲಿಲ್ಲ. ಮದುವೆ ಮಂಟಪದ ಸೀರಿಯಲ್ ಸೆಟ್ಟಿನ ಬಲ್ಬುಗಳು ಮಿಣಕು. ಕೊನೆಗೆ ಮೈಸೂರಿನಿಂದ ಬಗೆಬಗೆಯ ಬಣ್ಣದ ಎಲ್‌ಇಡಿ ತಂದೆ. ಸಂಜೆ ಶಾಲೆಯ ಮೈದಾನದ ಆ ತುದಿಯಲ್ಲಿ ನಾನು ರೆಕ್ಕೆ ಹಿಡಿದು ನಿಲ್ಲುವುದು, ಅವರು ಮೆಟ್ಟಿಲ ಮೇಲೆ ಕೂತು ಕಂಡದ್ದನ್ನು ಕೂಗಿ ಹೇಳುವುದು. ದೊಡ್ಡ ವಿಮಾನಗಳಿಗೆ ಎಡ ರೆಕ್ಕೆಗೆ ಕೆಂಪು, ಬಲಕ್ಕೆ ಹಸಿರು. ನಾವೂ ಹಾಗೇ ಶುರು ಮಾಡಿದೆವು. ನಾನು ಕೆಂಪು ಹಚ್ಚಿ ನಿಂತೆ. ಅವರು, "ಹಚ್ಚಿ ಮೇಷ್ಟ್ರೇ, ಕಾಯ್ತಾ ಇವ್ನಿ" ಎಂದು ಕೂಗಿದರು. ಹಚ್ಚಿಯಾಗಿದೆ ಎನ್ನದೆ ನಾನು ಕೆಂಪು ತೆಗೆದು ಹಳದಿ ಹಾಕಿದೆ. ಅದು ಬೀದಿ ದೀಪದ ಬೆಳಕಿನಲ್ಲಿ ಕಲೆತುಹೋಗುತ್ತಿತ್ತು. ಹಸಿರು ಒಂದೇ ಅವರಿಗೆ ತಕ್ಕಮಟ್ಟಿಗೆ ಕಂಡದ್ದು.

ಎರಡೂ ಕಡೆ ಹಸಿರು ಹಾಕಿದರೆ ಇನ್ನೊಂದು ತೊಂದರೆ. ಕತ್ತಲಲ್ಲಿ ವಿಮಾನ ನಮ್ಮತ್ತ ಬರುತ್ತಿದೆಯೋ ನಮ್ಮಿಂದ ದೂರ ಹೋಗುತ್ತಿದೆಯೋ ತಿಳಿಯುವುದಿಲ್ಲ. ಎದುರು ಬರುವಾಗ ಅದರ ಎಡ ನಮ್ಮ ಬಲ. ಕೈಯಲ್ಲಿರುವ ಕಂಟ್ರೋಲಿನ ಕಡ್ಡಿಯನ್ನು ತಪ್ಪು ಕಡೆ ತಿರುಗಿಸಿದರೆ ನೆಲಕ್ಕೆ ಬಿತ್ತು ಅಂತಲೇ. ಟೀ ಅಂಗಡಿಯಲ್ಲಿ ಕೂತು ತಲೆ ಕೆರೆದುಕೊಂಡು ಉಪಾಯ ಕಂಡುಕೊಂಡೆವು. ಎಡ ರೆಕ್ಕೆಗೆ ಗೇಣಿನ ಅಂತರದಲ್ಲಿ ಎರಡು ಹಸಿರು ದೀಪ, ಬಲ ರೆಕ್ಕೆಗೆ ಒಂದೇ. ಇಂಥ ವಿಮಾನ ಲೋಕದಲ್ಲಿ ಎಲ್ಲೂ ಇರಲಿಕ್ಕಿಲ್ಲ.

ಹಾರಿಸುವ ದಿನ ಕೆರೆಯಂಗಳದಲ್ಲಿ ಜೋಡಣೆ ಶುರು ಮಾಡಿದಾಗಲೇ ಹೊತ್ತು ಮುಳುಗುತ್ತಿತ್ತು. ದೀಪಗಳಿಗೆ ಬೇರೆಯದೇ ಬ್ಯಾಟರಿ. ಅದನ್ನು ಹೊಟ್ಟೆಯೊಳಗೆ ಇಟ್ಟು, ವೈರು ಸಿಕ್ಕಿಸಿ, ಆಮೇಲೆ ರೆಕ್ಕೆ ಕೂರಿಸಿ ರಬ್ಬರ್ ಬ್ಯಾಂಡ್ ಬಿಗಿಯಬೇಕು. ಅಷ್ಟರಲ್ಲಿ ಊರಿನ ಕಡೆಯಿಂದ ಆಜಾನ್ ಕೇಳಿಸಿತು. ನಜೀರ್ ಭಾಯಿ ಕೆಲಸ ಅಲ್ಲಿಗೇ ಬಿಟ್ಟು, ಒಣ ನೆಲದ ಮೇಲೆ ಟವೆಲ್ ಹಾಸಿ ನಮಾಜಿಗೆ ನಿಂತರು. ಬೆಳಕು ಹೋಗುತ್ತದೆಂದು ನಾನು ರೆಕ್ಕೆ ಕೂರಿಸಿ ಬಿಗಿದೆ. ಬ್ಯಾಟರಿ ಅವರು ಇಟ್ಟಾಗಿದೆ ಎಂದು ನಾನು ತಿಳಿದೆ. ರೆಕ್ಕೆ ಬಿಗಿದಿರುವುದನ್ನು ಮುಟ್ಟಿ ನೋಡಿ, ನಾನು ಇಟ್ಟೆ ಎಂದು ಅವರು ತಿಳಿದರು. ಪಡುವಣದಲ್ಲಿ ಇನ್ನೂ ಕೆಂಪಿತ್ತು, ಇಬ್ಬರ ಗಮನವೂ ಎಂಜಿನ್ ಶುರು ಮಾಡುವುದರ ಮೇಲೆ. ದೀಪದ ಕಡೆ ಯಾರೂ ನೋಡಲಿಲ್ಲ. ಗಾಡಿ ಜಾಡಿನ ಮೇಲೆ ಓಡಿ ವಿಮಾನ ಎದ್ದಿತು.

ಮೇಲೆ ಹೋಗಿ ಮೊದಲ ಸುತ್ತು ಮುಗಿಸುವಷ್ಟರಲ್ಲಿ ಕತ್ತಲು ಗಟ್ಟಿಯಾಯಿತು. ಆಗ ದೀಪಗಳನ್ನು ಕಂಡೆ. ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು, ಎಳೆ ಬಾಳೆಯೆಲೆಯ ಹಸಿರು. ಕಂಟ್ರೋಲ್ ಹಿಡಿದಿದ್ದ ನಜೀರ್ ಭಾಯಿ ಒಂದು ಸಲವೂ ತಡವರಿಸಲಿಲ್ಲ. "ಎರಡು ಬಲಕ್ಕೆ ಕಾಣ್ತವೆ, ನಮ್ ಕಡೆ ಬತ್ತಾ ಐತೆ... ಈಗ ತಿರುಗ್ತು ನೋಡಿ" ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ಆಮೇಲೆ, "ಮೇಷ್ಟ್ರೇ, ಶಾಲೆ ಹತ್ರ ಇಷ್ಟು ಚೆಂದಾಗಿ ಕಂಡಿರ್ಲಿಲ್ಲ ಕಣ್ರೀ" ಎಂದರು. ಎಣ್ಣೆ ಮುಗಿದು ಎಂಜಿನ್ ನಿಂತಿತು. ಸದ್ದೇ ಇಲ್ಲದೆ ಮೂರು ಹಸಿರು ಚುಕ್ಕೆಗಳು ಇಳಿದು ಬಂದವು. ವಿಮಾನ ನಮ್ಮ ಮುಂದೆಯೇ ನೆಲ ಮುಟ್ಟಿ ನಿಂತಿತು.

ಪಕ್ಕದ ಹೊಗೆಸೊಪ್ಪಿನ ಹೊಲದ ಸಿದ್ದೇಗೌಡರು ಕೆರೆ ಏರಿಯ ಮೇಲೆ ಕೂತು ನೋಡುತ್ತಿದ್ದವರು ಇಳಿದು ಬಂದರು. "ಏನ್ ಮೇಷ್ಟ್ರೇ, ಕೊಳ್ಳಿದೆವ್ವ ಇಲ್ಲ ಅಂತ ಅಳ್ಳಿ ಅಳ್ಳಿ ಸುತ್ತಿ ಯೋಳ್ತಿದ್ರಿ, ಈಗ ನೀವೇ ಒಂದ ಸಾಕಂಡಿದೀರಲ್ಲ! ಅದ್ಯಾಕೆ ಒಂದ್ ಮಗ್ಗುಲ್ಗೆ ಎಲ್ಡು, ಒಂದ್ ಮಗ್ಗುಲ್ಗೆ ಒಂದು? ಒಂದು ಕೆಟ್ಟೋಯ್ತಾ?" ಎಂದು ನಕ್ಕರು.

ನಾನು ಟಾರ್ಚ್ ಹಾಕಿದೆ. ದೀಪ ಉರಿಯುತ್ತಿರಲಿಲ್ಲ. ಇಳಿದ ಏಟಿಗೆ ವೈರು ಬಿಟ್ಟಿರಬೇಕೆಂದು ರಬ್ಬರ್ ಬ್ಯಾಂಡ್ ಬಿಚ್ಚಿ ರೆಕ್ಕೆ ಎತ್ತಿದೆ. ದೀಪದ ವೈರಿನ ತುದಿ ಬರಿದೆ ನೇತಾಡುತ್ತಿತ್ತು. ಬ್ಯಾಟರಿ ಇಡುವ ಜಾಗ ಖಾಲಿ. ಹಾರುವಾಗ ಬೀಳಲು ಅಲ್ಲಿ ಕಿಂಡಿಯೇ ಇಲ್ಲ. ನನ್ನ ಸ್ಕೂಟರಿನ ಹತ್ತಿರ ಹೋಗಿ ಡಿಕ್ಕಿ ತೆಗೆದೆ. ಬೆಳಿಗ್ಗೆ ಚಾರ್ಜ್ ಮಾಡಿ ಹಳದಿ ಬಟ್ಟೆಯಲ್ಲಿ ಸುತ್ತಿಟ್ಟ ಬ್ಯಾಟರಿ ಅಲ್ಲಿತ್ತು, ಸುತ್ತಿಟ್ಟ ಹಾಗೆಯೇ. ತಂದು ನಜೀರ್ ಭಾಯಿಯ ಕೈಗಿಟ್ಟೆ, ಅವರು ಬಟ್ಟೆಯ ಸುತ್ತನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು.

ಕಾರಣ ಹುಡುಕದೆ ಇರಲಿಲ್ಲ. ರೇಡಿಯೊ ಬ್ಯಾಟರಿಯಿಂದ ದೀಪಕ್ಕೆ ಕರೆಂಟು ಹರಿಯಿತೇ ಎಂದು ಎಲ್ಲ ವೈರು ಬಿಚ್ಚಿ ನೋಡಿದೆ. ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಹೊಗೆಸೊಪ್ಪು ಬೇಯಿಸುವ ಗೂಡುಗಳ, ಅಂದರೆ ಬ್ಯಾರನ್‌ಗಳ ಬೆಂಕಿ ಎನ್ನೋಣವೆಂದರೆ ಅದು ಸೊಪ್ಪು ಬೇಯಿಸುವ ಕಾಲವಲ್ಲ. ನಜೀರ್ ಭಾಯಿ ಸದ್ದಿನ ಮೇಲೆ ಹಾರಿಸಿದರು ಎಂದುಕೊಳ್ಳಬಹುದು, ಆದರೆ ಇಳಿಯುವಾಗ ಸದ್ದಿರಲಿಲ್ಲ. ನೋಡಬೇಕೆಂದಿದ್ದವರಿಗೆ ಹಾಗೆ ಕಂಡಿತು ಎನ್ನೋಣವೆಂದರೆ, ನಮ್ಮ ಲೆಕ್ಕಾಚಾರ ಗೊತ್ತೇ ಇಲ್ಲದ ಸಿದ್ದೇಗೌಡರು ಎರಡು ಮತ್ತು ಒಂದು ಎಂದರಲ್ಲ! ಅಂದಿನಿಂದ ನಾನು ಕೊಳ್ಳಿದೆವ್ವದ ಭಾಷಣ ಮಾಡಿಲ್ಲ.

ನಜೀರ್ ಭಾಯಿಗೆ ಮಾತ್ರ ಬೇರೆಯೇ ಆಸೆ ಹುಟ್ಟಿತ್ತು. ಅಷ್ಟು ಚೆನ್ನಾಗಿ ಕಂಡಿತಲ್ಲ, ಕಣ್ಣು ತಿರುಗಿ ಬರುತ್ತಿರಬಹುದು ಎಂದು ಮೈಸೂರಿಗೆ ಹೋದರು. ನಾನೂ ಜೊತೆಗಿದ್ದೆ. ನೋಟ ಹೋದ ಸಲಕ್ಕಿಂತ ಇನ್ನೂ ಕುಗ್ಗಿದೆ ಎಂದರು ಡಾಕ್ಟರು. ಬಸ್ಸಿನಲ್ಲಿ ಹುಣಸೂರಿನವರೆಗೂ ಅವರು ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದರು. ವಿಮಾನವನ್ನು ಮತ್ತೆ ಮುಟ್ಟಲಿಲ್ಲ.

ಈಗ ಅವರಿಗೆ ಹಗಲೂ ಕಾಣುವುದಿಲ್ಲ. ನಾನು ರಿಟೈರಾಗಿ ಆಗಾಗ ಅವರ ಅಂಗಡಿಯಲ್ಲಿ ಹೋಗಿ ಕೂರುತ್ತೇನೆ. ಗಿರಾಕಿಗಳೆಲ್ಲ ಹೋದ ಮೇಲೆ ಅವರು ಮೆತ್ತಗೆ ಕೇಳುತ್ತಾರೆ, "ನನ್ ಕಣ್ಣಿನ ಮಾತು ಬುಡಿ ಮೇಷ್ಟ್ರೇ. ನೀವು ಕಂಡ್ರಿ ತಾನೇ?"

"ಕಂಡೆ ನಜೀರ್ ಭಾಯ್" ಎನ್ನುತ್ತೇನೆ.

ಅವರು ತಲೆಯಾಡಿಸುತ್ತಾರೆ. ಸ್ವಲ್ಪ ದಿನ ಬಿಟ್ಟು ಮತ್ತೆ ಅದನ್ನೇ ಕೇಳುತ್ತಾರೆ. ಕುರುಡನ ಮನಸ್ಸು ನೋಯಬಾರದೆಂದು ನಾನು ಹಾಗೆ ಹೇಳುತ್ತಿದ್ದೇನೆ ಎಂದು ಅವರಿಗೆ ಅನುಮಾನ. ನಿಜವಾಗಿಯೂ ಕಂಡೆ ಎಂದು ಅವರನ್ನು ನಂಬಿಸುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.